ಊಟಕ್ಕೆ ಯಾವತ್ತು ಬರ್ತೀಯ?

ಜೇಜು ದ್ವೀಪದ ಕಿತ್ತಳೆ ತೋಟದಲ್ಲಿ ಮುಖ ಊದಿಸಿಕೊಂಡು ಕೂತಿರುವ ಇನ್‌ಸುನ್ ಅಕ್ಕನಿಗೆ,

ಟೊಂಗ್‌ಯೊಂಗ್ ಬಂದರಿನಿಂದ ನಿನ್ನ ಯೊನ್‌ಹೀ ಮಾಡುವ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಶಾಲೆಯೂ ಚೆನ್ನಾಗಿದೆ. ಎರಡನೆಯ ಮಾತನ್ನು ನೀನು ನಂಬುವುದಿಲ್ಲ ಎಂದು ಗೊತ್ತು. ಎಂದೋ ಬಾಗಿಲು ಹಾಕಿರಬೇಕು, ಇವಳು ಸುಮ್ಮನೆ ಬಡಾಯಿ ಕೊಚ್ಚುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಇಲ್ಲ ಕಣಕ್ಕ. ಕೆಳಗಿನ ಅಂಗಡಿಯ ಒಣಮೀನಿನ ವಾಸನೆ ಈಗಲೂ ನಮಗಿಂತ ಮೊದಲು ಮೆಟ್ಟಿಲು ಹತ್ತಿ ತರಗತಿಯಲ್ಲಿ ಬಂದು ಕೂರುತ್ತದೆ. ಎಪ್ಪತ್ತು, ಎಂಬತ್ತು ದಾಟಿದ ನಮ್ಮ ವಿದ್ಯಾರ್ಥಿನಿಯರು ಈಗಲೂ ಕನ್ನಡಕ ಮನೆಯಲ್ಲಿ ಮರೆತು ಬಂದು, ಪಕ್ಕದವಳ ಮೂಗಿನಿಂದ ಕಿತ್ತುಕೊಂಡು ಅಕ್ಷರ ತಿದ್ದುತ್ತಾರೆ. ಚಿಕ್ಕಂದಿನಲ್ಲಿ ಶಾಲೆಯ ಮುಖವನ್ನೇ ನೋಡದ ಈ ಅಜ್ಜಿಯರಿಗಾಗಿ ನೀನು ಹಚ್ಚಿದ ಒಲೆ ಇನ್ನೂ ಆರಿಲ್ಲ.

ಆದರೆ ಅದು ಉಳಿದದ್ದು ನನ್ನ ಜಾಣತನದಿಂದಲ್ಲ, ಒಂದು ಎಡವಟ್ಟಿನಿಂದ. ಅದನ್ನು ನಿನಗೆ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡು ನನಗೆ ಸಾಕಾಗಿದೆ.

ಗು ಯಜಮಾನರು ಬಂದ ದಿನ ನೆನಪಿದೆಯಲ್ಲ? ಹಡಗಿನ ಬಿಡಿಭಾಗ ಮಾಡುವ ತಮ್ಮ ಕಾರ್ಖಾನೆಯ ಲಾಭದಲ್ಲಿ ನಮ್ಮ ಬಾಡಿಗೆ, ಮೇಷ್ಟರ ಸಂಬಳ, ಚಳಿಗಾಲದ ಸೀಮೆಎಣ್ಣೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಪುಣ್ಯಾತ್ಮ. ಆ ವರ್ಷ ಬಂದರಿನ ಕ್ರೇನುಗಳೆಲ್ಲ ನಿಂತಲ್ಲೇ ನಿಂತಿದ್ದವು. ಹೊಸ ಹಡಗು ಬೇಕೆಂದು ಕೇಳುವವರೇ ಇರಲಿಲ್ಲ. ಅವರು ಜೇನುಬ್ರೆಡ್ಡಿನ ದೊಡ್ಡ ಪೊಟ್ಟಣ ಮೇಜಿನ ಮೇಲಿಟ್ಟು, ಸೊಂಟ ಬಗ್ಗಿಸಿ ನಮಸ್ಕರಿಸಿ, ಬಗ್ಗಿದವರು ಏಳಲೇ ಇಲ್ಲ. "ಇನ್ಮೇಲೆ ನನ್ ಕೈಲಿ ಆಗಲ್ಲ, ನಿರ್ದೇಶಕರೇ" ಎಂದರು. ನೀನು ಅವರನ್ನು ಎಬ್ಬಿಸಿ, ಟೀ ಕುಡಿಸಿ, ಬೀದಿಯ ತುದಿಯವರೆಗೆ ಬಿಟ್ಟು ಬಂದೆ. ಬಂದವಳು ಒಂದು ಜೇನುಬ್ರೆಡ್ಡು ಬಾಯಿಗೆ ತುರುಕಿಕೊಂಡು ಹೇಳಿದೆ: "ಒಂದೇ ಕಂಬದ ಮೇಲೆ ಮನೆ ಕಟ್ಟಿದ್ವಿ ಕಣೇ ಯೊನ್‌ಹೀ." ನಾನು ನಗಬೇಕೋ ಅಳಬೇಕೋ ತಿಳಿಯದೆ ಇನ್ನೊಂದು ಬ್ರೆಡ್ಡು ತೆಗೆದುಕೊಂಡೆ.

ಆಮೇಲೆ ಊರಿನ ಎಲ್ಲ ಸಂಸ್ಥೆಗಳೂ ಮಾಡುವುದನ್ನೇ ನಾವೂ ಮಾಡಿದೆವು. ಒಂದು ದಿನದ ಮಟ್ಟಿಗೆ ಬಿಯರ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು, ಟಿಕೆಟ್ ಅಚ್ಚು ಹಾಕಿಸಿ, ಸಹಾಯಾರ್ಥ ಸಂಜೆ ಏರ್ಪಡಿಸಿದೆವು. ಅಂಗವಿಕಲರ ಸಂಘದವರು ನಮ್ಮ ಟಿಕೆಟ್ ಕೊಂಡರು, ಯಾಕೆಂದರೆ ಹಿಂದಿನ ತಿಂಗಳು ನಾವು ಅವರದನ್ನು ಕೊಂಡಿದ್ದೆವು. ಸಮುದ್ರ ಉಳಿಸುವ ಸಂಘದವರೂ ಹಾಗೆಯೇ. ಒಂದೇ ದುಡ್ಡು ಊರೆಲ್ಲ ಸುತ್ತಿ, ಎಲ್ಲ ಕಡೆ ಬಿಯರ್ ಕುಡಿದು, ಕೊನೆಗೆ ಬಿಯರ್ ಅಂಗಡಿಯವನ ಮನೆಗೆ ಹೋಗಿ ಮಲಗಿತು. ಹೀಗೆ ನೀನೇ ಲೆಕ್ಕ ಒಪ್ಪಿಸಿದಾಗ ಅಜ್ಜಿಯರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ನಮ್ಮಿಬ್ಬರ ಜಗಳ ಅಲ್ಲಿಂದಲೇ ಶುರುವಾದದ್ದು. ಇನ್ನು ಒಬ್ಬ ದೊಡ್ಡ ದಾನಿಯನ್ನು ಹುಡುಕುವುದು ಬೇಡ, ಸಣ್ಣಪುಟ್ಟವರನ್ನು ಬಹಳ ಮಂದಿ ಕೂಡಿಸೋಣ, ತಿಂಗಳಿಗೆ ಒಂದು ಕಾಫಿಯಷ್ಟು ಕೊಟ್ಟರೆ ಸಾಕು, ಮೂರು ವರ್ಷ ತಾಳ್ಮೆಯಿಂದ ಕಟ್ಟೋಣ ಎಂದೆ ನಾನು. "ಮೂರು ವರ್ಷದ ಯೋಜನೆಯಂತೆ! ಮುಂದಿನ ತಿಂಗಳ ಬಾಡಿಗೆಗೆ ಗತಿ ಇಲ್ಲ, ಇವಳು ಮೊಮ್ಮಕ್ಕಳ ಮದುವೆ ಮಾಡ್ತಿದಾಳೆ" ಎಂದು ನೀನು ಹಂಗಿಸಿದೆ. ನಿನ್ನ ಮಾತಿನಲ್ಲೂ ನಿಜವಿತ್ತು ಬಿಡು. ತಿಂಗಳಿಗೆ ಅಷ್ಟಿಷ್ಟು ಕೊಡುತ್ತಿದ್ದವರೇ ಒಬ್ಬೊಬ್ಬರಾಗಿ ಫೋನ್ ಮಾಡಿ, ಕೆಲಸ ಹೋಯ್ತು, ಕ್ಷಮಿಸಿ ಎಂದು ನಿಲ್ಲಿಸುತ್ತಿದ್ದರು. "ಹೊಟ್ಟೆಗೆ ಕಷ್ಟ ಇರೋರ ಮುಂದೆ ಕೈಯೊಡ್ಡೋಕೆ ನಂಗೆ ಬಾಯಿ ಬರಲ್ಲ. ಮರ್ಯಾದೆಯಿಂದ ಮುಚ್ಚಿಬಿಡೋಣ" ಎಂದೆ ನೀನು. ನಾನು ಒಪ್ಪಲಿಲ್ಲ. ನೀನು ಶಾಲೆಯ ಕೀಲಿಕೈ ನನ್ನ ಅಂಗೈಗೆ ಹಾಕಿ ತಂಗಿಯ ತೋಟಕ್ಕೆ ಹೊರಟುಬಿಟ್ಟೆ.

ದ್ವೀಪದ ಹಡಗು ಹಿಡಿಯಲು ಬಸ್ಸು ಹತ್ತುವ ಮುಂಚೆ ನೀನು ಹೇಳಿದ ಕೊನೆಯ ಮಾತು ಗೊತ್ತಾ? "ಒಂದ್ಸಲ ಜೊತೆಗೆ ಊಟ ಮಾಡೋಣ."

ಅಕ್ಕ, ಬ್ಯಾಂಕಿನವನಿಗೆ ಹೇಳುವ ಮಾತದು. ದಾರಿಯಲ್ಲಿ ಸಿಕ್ಕ ಹಳೆಯ ಸಹಪಾಠಿಗೆ, ಹೆಸರು ನೆನಪಾಗದವರಿಗೆ ಹೇಳುವ ಮಾತು. ಹೇಳಿದವರೂ ಊಟ ಮಾಡುವುದಿಲ್ಲ, ಕೇಳಿದವರೂ ಕಾಯುವುದಿಲ್ಲ. ಹದಿನೆಂಟು ವರ್ಷ ಒಂದೇ ಪಾತ್ರೆಯಲ್ಲಿ ಚಮಚ ಅದ್ದಿ ಸೊಪ್ಪಿನ ಸಾರು ಕುಡಿದ ನನಗೆ ಆ ಮಾತು ಹೇಳಿ ಹೋದೆಯಲ್ಲ! ಬಸ್ಸು ತಿರುವು ದಾಟುವವರೆಗೂ ನಾನು ಕೈ ಬೀಸಿದೆ, ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ.

ಇನ್ನು ಎಡವಟ್ಟಿನ ಕಥೆ. ಕೆಳಗಿನ ಒಣಮೀನಿನ ಅಂಗಡಿಯವರೇ ನಮ್ಮ ಕಟ್ಟಡದ ಮಾಲೀಕರಲ್ಲವೇ, ಹೊಸ ವರ್ಷದ ಹಬ್ಬದ ಹೊತ್ತಿಗೆ ಜಾಗ ಖಾಲಿ ಮಾಡಿ ಎಂದುಬಿಟ್ಟಿದ್ದರು. ಕೈಯೊಡ್ಡಬಾರದು ಎಂಬ ನಿನ್ನ ಮಾತೂ ತಲೆಯಲ್ಲಿ ಕೊರೆಯುತ್ತಿತ್ತು. ಸರಿ, ದುಡ್ಡು ಕೇಳುವುದು ಬೇಡ, ಕೊಡುವುದು ನಿಲ್ಲಿಸಿದವರನ್ನು ಕ್ಷೇಮವಾಗಿದ್ದೀರಾ ಎಂದಾದರೂ ವಿಚಾರಿಸೋಣ ಎಂದುಕೊಂಡೆ. ಅಜ್ಜಿಯರಿಗೆ ಓದಿನ ಅಭ್ಯಾಸವೂ ಆಗಲೆಂದು ಫೋನಿನಲ್ಲಿ ಹೇಳಬೇಕಾದ್ದನ್ನು ಕರಿಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ನಮಸ್ಕಾರ, ನಾನು ಇಂಥ ಶಾಲೆಯ ವಿದ್ಯಾರ್ಥಿನಿ, ನಿಮ್ಮ ದಯದಿಂದ ಅಕ್ಷರ ಕಲಿತೆ, ಚಳಿ ಜಾಸ್ತಿ, ಆರೋಗ್ಯ ನೋಡಿಕೊಳ್ಳಿ. ಕೊನೆಗೆ ಎಲ್ಲರೂ ಹೇಳುವಂತೆ, ಒಮ್ಮೆ ಜೊತೆಗೆ ಊಟ ಮಾಡೋಣ.

ಮೊದಲ ಫೋನು ನಮ್ಮ ಮಾಲ್‌ಜಾ ಅಜ್ಜಿಯದು. ಇನ್ನು ಹೆಣ್ಣು ಸಾಕೆಂದು ಅಪ್ಪ 'ಕೊನೆಯವಳು' ಎಂಬರ್ಥದ ಈ ಹೆಸರಿಟ್ಟಿದ್ದರೂ ಎಲ್ಲದರಲ್ಲೂ ಮೊದಲು ನಿಲ್ಲುವವಳು ಅವಳೇ, ನಿನಗೆ ಗೊತ್ತಲ್ಲ. ಒಂದೊಂದಕ್ಷರವೂ ಬಿಡದೆ ಓದಿದಳು. ಆ ಕಡೆಯವರು "ಹೂಂ ಹೂಂ, ಖಂಡಿತ, ಒಂದ್ಸಲ ಊಟ ಮಾಡೋಣ" ಎಂದರು. ಆಗ ಅಜ್ಜಿ ಕರಿಹಲಗೆಯಲ್ಲಿ ಇಲ್ಲದ ಮಾತೊಂದನ್ನು ಕೇಳಿಬಿಟ್ಟಳು.

"ಯಾವತ್ತು?"

ಅಕ್ಕ, ಈ ದೇಶದಲ್ಲಿ ಯಾರಾದರೂ ಹಾಗೆ ಕೇಳುತ್ತಾರಾ? ಆ ಕಡೆಯವರು ತಡವರಿಸುತ್ತಿದ್ದಂತೆ ಅಜ್ಜಿಯೇ "ಎರಡನೇ ಶನಿವಾರ ನಂಗೆ ಬಿಡುವು. ಮಧ್ಯಾಹ್ನ ಬಾ" ಎಂದು ಹೇಳಿ ಫೋನ್ ಇಟ್ಟಳು. ಉಳಿದ ಅಜ್ಜಿಯರು ಇದೂ ಪಾಠದ ಭಾಗವೇ ಇರಬೇಕೆಂದುಕೊಂಡು ಸಾಲಾಗಿ ಎಲ್ಲರಿಗೂ ಅದನ್ನೇ ಹೇಳಿದರು. ಇದೆಲ್ಲ ನಡೆಯುವಾಗ ಪಾಲಿಕೆಯ ಕಚೇರಿಗೆ ಹೋಗಿದ್ದ ನಾನು ವಾಪಸು ಬರುವಷ್ಟರಲ್ಲಿ ಊರಿನ ನಿರುದ್ಯೋಗಿಗಳೆಲ್ಲ ನಮ್ಮ ಮನೆಯ ನೆಂಟರಾಗಿದ್ದರು.

ನಾನು ಕೂಗಾಡಿದೆ. "ಅಜ್ಜೀ, ಅದು ಸುಮ್ನೆ ಹೇಳೋ ಮಾತು!" ಎಂದೆ. ಮಾಲ್‌ಜಾ ಅಜ್ಜಿ ಕರಿಹಲಗೆ ತೋರಿಸಿದಳು. "ಬಾಯಲ್ಲಿ ಹೇಳಿದ್ರೆ ಸುಮ್ನೆ ಇರಬೋದು. ನೀನು ಬರೆದಿದೀಯಲ್ಲ ಟೀಚರಮ್ಮ! ಬರೆದ್ ಮೇಲೆ ಅದು ನಿಜ ಆಗ್ಬೇಕು ತಾನೆ? ಇಲ್ದಿದ್ರೆ ಈ ವಯಸ್ಸಲ್ಲಿ ಇದನ್ನ ಕಲ್ತು ನಾನೇನ್ ಮಾಡ್ಲಿ?"

ಶನಿವಾರ ಅಜ್ಜಿಯರು ತಂತಮ್ಮ ಮನೆಯಿಂದ ಎಲೆಕೋಸು, ಮೂಲಂಗಿ, ಸಿಂಪಿ ಹೊತ್ತು ತಂದರು. ಹೇಗೂ ಚಳಿಗಾಲಕ್ಕೆಂದು ಎಲೆಕೋಸಿಗೆ ಉಪ್ಪುಖಾರ ಸವರಿ ಕಿಮ್ಚಿ ಹಾಕುವ ಕಾಲ. ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ, ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಹಂದಿಮಾಂಸ ಬೇಯಲು ಇಟ್ಟೆವು. ಯಾರೂ ಬಾರದಿರಲಿ ಎಂದು ನಾನು ಒಳಗೊಳಗೇ ಹಾರೈಸುತ್ತಿದ್ದೆ. ಮೊದಲು ಬಂದವರು ಹಡಗಿಗೆ ಬೆಸುಗೆ ಹಾಕುತ್ತಿದ್ದ ಪ್ಯೊ ಅವರು. ಕೆಲಸ ಹೋದ ಮೇಲೆ ಎಲ್ಲರಂತೆ ಅವರೂ ಕೋಳಿ ಕರಿಯುವ ಅಂಗಡಿ ಇಟ್ಟಿದ್ದರು. ಎರಡು ಡಬ್ಬಿ ಕೋಳಿ ಹಿಡಿದು ಬಾಗಿಲಲ್ಲೇ ನಿಂತರು. "ನಿಮಗೆ ಕೊಡೋದು ನಿಲ್ಸಿದ್ ಮೇಲೆ ಈ ಬೀದೀಗೇ ಬರ್ತಿರ್ಲಿಲ್ಲ ನಾನು. ಸುತ್ತಿ ಬಳಸಿ ಮನೆಗೆ ಹೋಗ್ತಿದ್ದೆ, ಹೆಂಗೆ ಮುಖ ತೋರ್ಸೋದು ಅಂತ" ಎಂದರು. "ಈಗ ತೋರ್ಸಿದ್ಯಲ್ಲ, ಚೆನ್ನಾಗೇ ಇದೆ ಮುಖ. ಕೂತ್ಕೊಂಡು ಬೆಳ್ಳುಳ್ಳಿ ಸುಲಿ" ಎಂದಳು ಮಾಲ್‌ಜಾ ಅಜ್ಜಿ.

ನನಗೆ ಹೊಳೆದದ್ದು ಆಗ. ನಾವು ಕಳೆದುಕೊಂಡದ್ದು ಅವರ ದುಡ್ಡನ್ನಲ್ಲ ಅಕ್ಕ, ಅವರನ್ನೇ. ದುಡ್ಡು ನಿಂತಿತೆಂಬ ನಾಚಿಕೆಗೆ ಅವರು ದೂರವಾದರು, ಕೇಳಬಾರದೆಂಬ ಸಂಕೋಚಕ್ಕೆ ನಾವು ಬಾಗಿಲು ಮುಂದೆ ಮಾಡಿಕೊಂಡೆವು. ಹೀಗಾದರೆ ಒಳ್ಳೆಯ ಕಾಲ ಮತ್ತೆ ಬಂದರೂ ಅವರು ಬರುವುದು ಹೇಗೆ?

ಮಾಂಸದ ಘಮಕ್ಕೆ ಕಟ್ಟಡದ ಮಾಲೀಕರೂ ಮೇಲೆ ಬಂದರು. "ನನ್ ಮೀನಿನ ವಾಸನೇನೇ ಮುಚ್ಚಾಕ್ತಲ್ರೀ!" ಎಂದು ರೇಗುತ್ತಲೇ ಕೂತು, ಎಲೆಕೋಸಿನಲ್ಲಿ ಸುತ್ತಿ ಸುತ್ತಿ ತಿಂದು, ಏಳುವಾಗ ಗಂಟಲು ಸರಿಮಾಡಿಕೊಂಡು "ವಸಂತದವರೆಗೆ ಇರಿ ಹೋಗ್ಲಿ" ಎಂದರು.

ಅಂದಿನಿಂದ ಪ್ರತಿ ತಿಂಗಳ ಎರಡನೇ ಶನಿವಾರ ಊಟ. ಅಲ್ಲಿ ದುಡ್ಡಿನ ಮಾತೆತ್ತಿದವರು ಅಷ್ಟೂ ಪಾತ್ರೆ ತೊಳೆಯಬೇಕು. ಮೊದಲ ವರ್ಷ ಮರೆತು ಬಾಯಿಬಿಟ್ಟು ತೊಳೆದವಳು ನಾನೊಬ್ಬಳೇ. ಕೊಡುವುದು ನಿಲ್ಲಿಸಿದವರ ಹೆಸರನ್ನು ನಾವು ತೆಗೆಯುವುದಿಲ್ಲ. ಅವರು ವಿಶ್ರಾಂತಿಯಲ್ಲಿದ್ದಾರೆ ಎನ್ನುತ್ತೇವೆ. ಕಷ್ಟ ಕಳೆದವರು ತಾವಾಗಿಯೇ ಎದ್ದು ಬರುತ್ತಾರೆ, ಬರುವಾಗ ಕೆಲಸ ಹೋದ ಇನ್ನೊಬ್ಬರನ್ನೂ ಊಟಕ್ಕೆ ಕರೆತರುತ್ತಾರೆ. ಪ್ಯೊ ತಿಂಗಳಿಗೆ ಅರ್ಧ ಕೋಳಿಯ ಬೆಲೆ ಕೊಡುತ್ತಾರೆ. ಬಂದದ್ದರಲ್ಲಿ ಸ್ವಲ್ಪವನ್ನು ಚಳಿಗಾಲದ ಕಿಮ್ಚಿಯ ಹಾಗೆ ಮುಟ್ಟದೆ ಎತ್ತಿಡುತ್ತೇವೆ. ದುಡ್ಡು ಕೇಳಲು ನಿನಗೆ ಬಾಯಿ ಬಾರದ್ದು ಸರಿಯೇ ಇತ್ತು, ನನ್ನ ಮೂರು ವರ್ಷವೂ ಸರಿಯೇ ಇತ್ತು. ನಡುವೆ ಊಟ ಒಂದು ಕಮ್ಮಿಯಾಗಿತ್ತು ಅಷ್ಟೆ.

ಈ ವಸಂತದಲ್ಲಿ ಗು ಯಜಮಾನರೂ ಊಟಕ್ಕೆ ಬಂದರು. ಕ್ರೇನುಗಳು ಮತ್ತೆ ಅಲ್ಲಾಡುತ್ತಿವೆ. ಮೊದಲಿನಂತೆ ಪೂರ್ತಿ ಬಾಡಿಗೆ ತಾವೇ ಕೊಡುವುದಾಗಿ ಹೇಳಿದರು. ಬೇಡ ಎಂದೆ, ನಂಬುತ್ತೀಯಾ? ಎಲ್ಲರಷ್ಟೇ ಕೊಡಿ, ಇನ್ನು ಮುಂದೆ ಯಾರೊಬ್ಬರು ಬಿದ್ದರೂ ಶಾಲೆ ಬೀಳಬಾರದು ಎಂದೆ. ಅವರು ತಬ್ಬಿಬ್ಬಾಗಿ ನೋಡಿದರು. ದುಡ್ಡಿನ ಮಾತೆತ್ತಿದ್ದಕ್ಕೆ ಅಂಗಿಯ ತೋಳು ಮಡಚಿ ಪಾತ್ರೆಯನ್ನೂ ತೊಳೆದರು.

ಪ್ರತಿ ಚಳಿಗಾಲ ನೀನು ಕಳಿಸುವ ಕಿತ್ತಳೆ ಬರುತ್ತಿದೆ. ಪೆಟ್ಟಿಗೆಯ ತಳದವರೆಗೂ ಕೈಹಾಕಿ ನೋಡುತ್ತೇನೆ, ಒಂದು ಸಾಲಿನ ಪತ್ರವೂ ಇರುವುದಿಲ್ಲ. ಹಣ್ಣು ಮಾತ್ರ ಸಿಹಿ. ನಿನ್ನನ್ನು ನೆನೆದರೆ ಕೋಪ ಬರುತ್ತದೆ, ಕೋಪ ಬಂದರೆ ಇನ್ನೊಂದು ಹಣ್ಣು ಸುಲಿಯುತ್ತೇನೆ. ನೀನಿಲ್ಲದೆ ಈ ಕೋಣೆಯಲ್ಲಿ ನಗುವುದು ನನಗೆ ಅರ್ಧಕ್ಕೇ ನಿಂತುಹೋಗುತ್ತದೆ.

ಮೊನ್ನೆ ಮಾಲ್‌ಜಾ ಅಜ್ಜಿ ಕೇಳಿದಳು, "ನಮ್ ನಿರ್ದೇಶಕಿ ಹೋಗೋವಾಗ ನಿಂಗೇನಂದ್ಲು?" ಒಂದ್ಸಲ ಊಟ ಮಾಡೋಣ ಅಂದಳು ಎಂದೆ. "ನೀನು ಯಾವತ್ತು ಅಂತ ಕೇಳ್ಲಿಲ್ವಾ?" ಎಂದು ಹಣೆ ಚಚ್ಚಿಕೊಂಡಳು. "ಅಷ್ಟು ಓದಿದೀಯ, ಸುಡುಗಾಡು!"

ಅದಕ್ಕೇ ಕೇಳುತ್ತಿದ್ದೇನೆ ಅಕ್ಕ. ಯಾವತ್ತು? ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ. ಕಿಮ್ಚಿ ಹಾಕುವ ದಿನ. ನಿನಗೊಂದು ರಬ್ಬರ್ ಕೈಗವಸು ತೆಗೆದಿಟ್ಟಿದ್ದೇನೆ, ಕೆಂಪು ಬಣ್ಣದ್ದು. ನೋಡು, ಬರೆದಿದ್ದೇನೆ. ಬರೆದ ಮೇಲೆ ಅದು ನಿಜವಾಗಬೇಕು.

ದಾರಿಯುದ್ದಕ್ಕೂ ಸಮುದ್ರ ಶಾಂತವಾಗಿರಲಿ, ನಿನ್ನ ಮಂಡಿ ನೋವು ಹಡಗಿನಲ್ಲೇ ಉಳಿದುಹೋಗಲಿ ಎಂದು ಹಾರೈಸುವ,

ಅದೇ ಪಾತ್ರೆಯಲ್ಲಿ ಚಮಚ ಅದ್ದುವ ನಿನ್ನ
ಯೊನ್‌ಹೀ

ಕೆಳಗೆ ಸೊಟ್ಟಗೆ ಬರೆದದ್ದು ನಾನಲ್ಲ. ಪೆನ್ನು ಕಿತ್ತುಕೊಂಡಿದ್ದಾಳೆ:

ಇನ್‌ಸುನಾ. ಮಾಲ್‌ಜಾ ನಾನು. ನಾನೇ ಬರೀತಾ ಇದೀನಿ. ಬೇಗ ಬಾ. ಅನ್ನ ಆರೋಗತ್ತೆ.