ಮುನಿಸಿನ ಕೊಡ

ಆರ್.ಟಿ. ನಗರ
೨೨ ಏಪ್ರಿಲ್ ೨೦೨೫

ಜಕ್ಕೂರಿನಲ್ಲಿ ಕುಳಿತು ನಮ್ಮೂರಿನ ಇತಿಹಾಸ ಬರೆಯುತ್ತಿರುವ ಸೀತಾದೇವಿಯವರಿಗೆ, ನಿನ್ನ ಬಾಲ್ಯದ ಗೆಳತಿಯ ಸಲಾಂ.

ಫೋನಿನಲ್ಲಾದರೆ ಕಿರುಚುತ್ತೇನೆ. ಅದಕ್ಕೇ ಈ ಪತ್ರ. ಚಿಲುಮೆಪಾಳ್ಯದ ಚರಿತ್ರೆಯೆಂದು ನೀನು ಕಳಿಸಿದ ಕರಡನ್ನು ಓದಿದೆ. ಎರಡನೆಯ ಪುಟಕ್ಕೇ ನನ್ನ ಮುಖ ನೋಡಿ ಮಗಳು ಫಾಯಿಜಾ ಬಿ.ಪಿ. ಮಾತ್ರೆ ತಂದು ಪಕ್ಕದಲ್ಲಿಟ್ಟಳು.

‘ಅರ್ಕಾವತಿಯ ದಂಡೆಯ ಈ ಪುಟ್ಟ ಊರಿನಲ್ಲಿ ಜಗಳವೆಂಬುದೇ ಇರಲಿಲ್ಲ’ ಎಂದು ಬರೆದಿದ್ದೀಯಲ್ಲ, ಕೈಯಾದರೂ ಹೇಗೆ ಬಂತು ಮಾರಾಯ್ತಿ? ನಮ್ಮೂರಲ್ಲಿ ಜಗಳವಿಲ್ಲದ ದಿನ ಕಾಗೆಗಳಿಗೂ ಬೇಸರವಾಗುತ್ತಿತ್ತು. ಹೊಳೆಗೆ ದೋಣಿ ಬೇರೆ ಇಳಿಸಿದ್ದೀಯ! ಮಳೆಗಾಲದಲ್ಲೂ ನಮ್ಮ ಎಮ್ಮೆಗಳು ನಡೆದೇ ದಾಟುತ್ತಿದ್ದ ಹೊಳೆ ಅದು. ದೋಣಿಯನ್ನು ಬೇಕಾದರೆ ಸಹಿಸುತ್ತೇನೆ. ಜಗಳ ಇರಲಿಲ್ಲ ಎನ್ನುವುದನ್ನು ಮಾತ್ರ ಸಹಿಸಲಾರೆ.

ಏಕೆಂದರೆ ನಾವು ನೀರು ಕುಡಿದದ್ದೇ ಜಗಳದಿಂದ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಊರೆಲ್ಲ ಸೇರಿ ಮರಳು ಬಗೆದು ಚಿಲುಮೆ ತೆಗೆಯುತ್ತಿದ್ದೆವು. ಊರಿನ ತಾಮ್ರದ ಕೊಡದಲ್ಲಿ ಮೊದಲ ನೀರನ್ನು ಆ ವರ್ಷ ಮಾತು ಬಿಟ್ಟ ಇಬ್ಬರು ಕೂಡಿ ಎತ್ತಬೇಕು, ಒಬ್ಬರ ಬೊಗಸೆಗೆ ಇನ್ನೊಬ್ಬರು ನೀರು ಹುಯ್ಯಬೇಕು. ಅಲ್ಲಿಯವರೆಗೆ ಯಾರೂ ಬಿಂದಿಗೆ ಮುಳುಗಿಸುವಂತಿಲ್ಲ. ಹೆಂಗಸರೆಲ್ಲ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿರುವಾಗ ಎಂಥ ಹಟಮಾರಿಯೂ ಬಗ್ಗುತ್ತಿದ್ದ. ನಿನ್ನ ಪುಸ್ತಕದಲ್ಲಿ ಮರಳಿದೆ, ಚಿಲುಮೆಯಿದೆ, ಕೊಡವೇ ಇಲ್ಲ.

ಯಾಕಿಲ್ಲ ಎಂದು ನನಗೆ ಗೊತ್ತಿಲ್ಲವೇ? ನಾವು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಊರಲ್ಲಿ ಯಾರೂ ಮುನಿಸಿಕೊಂಡಿರಲಿಲ್ಲ. ಬುದ್ಧಿವಂತರಾದರೆ ಆ ವರ್ಷ ನಿಯಮವನ್ನು ಬಿಡುತ್ತಿದ್ದರು. ನಮ್ಮವರು ಜಗಳ ಹುಟ್ಟಿಸಲು ಹೊರಟರು. ಊರಿನ ಹಿರಿಯ ಮುನಿಗಂಗಪ್ಪನವರು ನಿಮ್ಮಪ್ಪ ಶೇಖರಪ್ಪನವರನ್ನೂ ನನ್ನ ಅಬ್ಬಾ ನಾಸಿರ್ ಸಾಬರನ್ನೂ ಕರೆದು, ‘ನೀವಿಬ್ರೂ ಜೀವದ ಗೆಳೆಯರು, ಒಂದೀಟು ಜಗಳ ಆಡ್ರಪ್ಪಾ, ಇಂಗೇ ಸುಮ್ಕೆ’ ಎಂದರು. ನಿಮ್ಮ ಮನೆಯ ಹುಂಜ ನಮ್ಮ ಕರಬೂಜದ ಪಾತಿ ಕೆದಕಿತೆಂದು ನೆಪ ಹೂಡಿದರು. ಇಬ್ಬರೂ ನಗುತ್ತಲೇ ಶುರು ಮಾಡಿದರು, ಜನ ಚಪ್ಪಾಳೆ ತಟ್ಟಿದರು. ಆ ಹುಮ್ಮಸ್ಸಿನಲ್ಲಿ ನಿಮ್ಮಪ್ಪ, ‘ನಿನ್ನೆ ಮೊನ್ನೆ ಬಂದೋನಿಗೆ ಒಳೆ ಮ್ಯಾಗೆ ಏನೋ ಅಕ್ಕು?’ ಎಂದುಬಿಟ್ಟರು. ಅಬ್ಬಾ ನಗು ನಿಲ್ಲಿಸಿದರು. ಅವರ ತಾತ ಮುತ್ತಾತಂದಿರು ಆ ಮರಳಲ್ಲೇ ಕರಬೂಜ ಬೆಳೆದವರು. ಅಬ್ಬಾ ತಿರುಗಿ ನಿನ್ನ ಅಜ್ಜಿಯ ಹೆಸರೆತ್ತಿ ಒಂದು ಮಾತಾಡಿದರು. ಅದನ್ನು ನಾನು ಬರೆಯಲಾರೆ. ನಿನಗೆ ನೆನಪಿದ್ದರೆ ನೀನೇ ಬರೆದುಕೋ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಬ್ಬರೂ ಕೊಡ ಮುಟ್ಟಲಿಲ್ಲ. ಹೆಂಗಸರು ಖಾಲಿ ಬಿಂದಿಗೆ ಹೊತ್ತು ಮನೆಗೆ ಹೋದರು. ಅದೇ ಬೇಸಿಗೆ ನಿಮ್ಮಪ್ಪ ಬೋರ್‌ವೆಲ್ ಹಾಕಿಸಿದರು, ಹಟಕ್ಕೆ ಅಬ್ಬಾ ಇನ್ನೂ ಆಳಕ್ಕೆ ಹಾಕಿಸಿದರು. ಚಿಲುಮೆ ಬೇಡವಾದ ಮೇಲೆ ಮರಳು ಯಾರಿಗೆ ಬೇಕು? ಲಾರಿಗಳು ಬಂದವು. ತಡೆಯಲು ಒಟ್ಟಿಗೆ ನಿಲ್ಲುವ ಇಬ್ಬರು ಊರಲ್ಲಿರಲಿಲ್ಲ. ನಿನ್ನ ಪುಸ್ತಕದಲ್ಲಿ ಮಳೆ ಕೈಕೊಟ್ಟು ಹೊಳೆ ಸತ್ತಿದೆ. ಪಾಪ, ಮಳೆ ಬಂದು ವಾದ ಮಾಡುವುದಿಲ್ಲವಲ್ಲ!

ಮೊನ್ನೆ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ‘ಈಗಿನ ಕಾಲದಲ್ಲಿ ಅದನ್ನೆಲ್ಲ ಯಾಕೆ ಕೆದಕ್ಬೇಕು ಕಣೇ, ಜನ ಬೇರೆ ಥರ ತಿಳ್ಕೋತಾರೆ’ ಎಂದೆ. ನಿನ್ನ ಭಯ ನನಗೂ ಇದೆ ಸೀತಾ, ನಿನಗಿಂತ ಹೆಚ್ಚಾಗಿಯೇ ಇದೆ. ಆದರೆ ಆ ಜಗಳವನ್ನು ಅಳಿಸಿದರೆ, ಜಗಳವಾಡಿದ ಮೇಲೂ ಒಂದೇ ಕೊಡ ಎತ್ತುತ್ತಿದ್ದೆವು ಎಂಬುದೂ ಅಳಿಸಿಹೋಗುತ್ತದೆ. ನಮ್ಮೂರಿಗೆ ಇದ್ದದ್ದು ಅದೊಂದೇ ಹೆಚ್ಚುಗಾರಿಕೆ.

ಯಲಹಂಕದಲ್ಲಿ ಪುಸ್ತಕ ಬಿಡುಗಡೆಯ ದಿನ ನಾನು ವೇದಿಕೆ ಹತ್ತಿ, ಇದೆಲ್ಲ ನಿಜವೆಂದು ನಾಲ್ಕು ಮಾತಾಡಬೇಕಂತೆ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು, ಸುಳ್ಳಿಗೆ ಸಾಕ್ಷಿ ಹಾಕಲಾರೆ. ಆ ಅಧ್ಯಾಯ ಬದಲಾಗದಿದ್ದರೆ ನಾನು ಬರುವುದಿಲ್ಲ, ನೀನೂ ನನ್ನ ಮನೆಗೆ ಬರಬೇಡ. ಅಪ್ಪಂದಿರು ಮಾತು ಬಿಟ್ಟಾಗಲೂ ನಾವು ಬಿಟ್ಟಿರಲಿಲ್ಲ. ಈಗ ಬಿಡಬೇಕಾಯಿತಲ್ಲ!

ಇಂತಿ, ನಿನ್ನ ಮೇಲೆ ಮುನಿಸಿಕೊಂಡಿರುವ
ಫಖ್ರುನ್ನೀಸಾ

ಮರೆತಿದ್ದೆ: ಆ ತಾಮ್ರದ ಕೊಡ ನನ್ನ ಬಳಿಯೇ ಇದೆ. ಅಂದು ಮರಳಲ್ಲೇ ಉಳಿದದ್ದನ್ನು ಅಬ್ಬಾ ಮನೆಗೆ ತಂದಿಟ್ಟಿದ್ದರು. ಅಬ್ಬಾ ಇರುವ ತನಕ ಪ್ರತಿ ಬೇಸಿಗೆಯಲ್ಲೂ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಾಗಿಲ ಬಳಿ ಇಟ್ಟುಕೊಂಡು ಕೂರುತ್ತಿದ್ದರು. ಯಾರಿಗಾಗಿ ಎಂದು ಕೇಳಿದರೆ ಗದರುತ್ತಿದ್ದರು. ಇವತ್ತು ಬೆಳಿಗ್ಗೆ ನಾನು ತಿಕ್ಕಿದೆ. ಭಾನುವಾರ ಹೊಳೆಯ ಹತ್ತಿರ ಬಾ, ಗುದ್ದಲಿ ನೀನು ತಾ. ಅಲ್ಲೀಗ ಜಾಲಿಯೇ ಹೆಚ್ಚು, ನೀರು ಸಿಗುತ್ತದೋ ಇಲ್ಲವೋ ಕಾಣೆ. ಸಿಟ್ಟು ಮಾತ್ರ ಇಳಿಸಿಕೊಂಡು ಬರಬೇಡ. ರಾಜಿಯಾದವರು ಆ ಕೊಡ ಮುಟ್ಟುವಂತಿಲ್ಲ.