ಚಂದ್ರಲೋಕದ ರೇಡಿಯೋ ಮತ್ತು ನನ್ನ ತಂಗಿಯ ದನಿ

ಕಳ್ಳ ಪ್ರಸಾರ ಪತ್ತೆ ಹಚ್ಚುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ಕಳೆದ ಚುನಾವಣೆಯ ಹೊತ್ತಿನಲ್ಲಿ ನಮ್ಮೂರು ಮೆಟ್ರಿಯಿಂದ ತಾವು ಜಪ್ತಿ ಮಾಡಿಕೊಂಡು ಹೋದ ವಿಡಿಯೋ ಕ್ಯಾಸೆಟ್ಟು ಇನ್ನೂ ತಮ್ಮ ಬೀರುವಿನಲ್ಲಿದೆ. ಅದರಲ್ಲಿರುವುದು ದೇಶದ ಗುಟ್ಟಲ್ಲ, ನನ್ನ ತಂಗಿ ಜಂಬಮ್ಮನ ದನಿ. ವಾಪಸ್ ಕೊಡಿ ಎಂದು ಕೇಳಿ ಕೇಳಿ ನನಗೆ ಸಾಕಾಗಿದೆ. ಇಲ್ಲ ಎಂದು ಹೇಳಿ ಹೇಳಿ ತಮಗೆ ಇನ್ನೂ ಸಾಕಾದಂತಿಲ್ಲ.

ನಾವು ಮಾಡಿದ ಘನಘೋರ ಅಪರಾಧ ಓದುಗರಿಗೂ ತಿಳಿಯಲಿ. ಹೊಸಪೇಟೆಯ ಮದುವೆ ವಿಡಿಯೋದವನ ಕ್ಯಾಮೆರಾ ಬಾಡಿಗೆಗೆ ತಂದು ನಾವು ನಾಲ್ಕಾರು ಜನ ಒಂದು ನಗೆ ಸಿನಿಮಾ ತೆಗೆದೆವು. ಕಥೆ ನನ್ನದು. ಚಂದ್ರಲೋಕದಲ್ಲಿ ಕಾಲುವೆ ಇದೆ, ನೀರಿಲ್ಲ. ಮಂತ್ರಿ ಇದ್ದಾನೆ, ನಾಚಿಕೆಯಿಲ್ಲ. ಅಲ್ಲಿನ ಸರ್ಕಾರಿ ರೇಡಿಯೋ ದಿನವೂ ನೀರು ಹರಿಯುತ್ತಿದೆ ಎನ್ನುತ್ತದೆ. ಕಾಲುವೆಯ ಕೊನೆಯ ಊರಿನ ಹೆಂಗಸೊಬ್ಬಳು ಕಳ್ಳ ರೇಡಿಯೋ ಹೂಡಿ, ಮಂತ್ರಿಯ ಭಾಷಣದ ನಡುವೆ ನುಗ್ಗಿ ನಿಜ ಹೇಳುತ್ತಾಳೆ. ಆ ಪಾತ್ರ ಜಂಬಮ್ಮನದು. ತಾವು 'ಪ್ರಸಾರ ಯಂತ್ರ' ಎಂದು ಪಂಚನಾಮೆ ಬರೆದುಕೊಂಡದ್ದು ಸೈಕಲ್ ಗಾಲಿ, ಭತ್ತದ ಜರಡಿ ಮತ್ತು ಒಂದು ಹಳೆಯ ಟಾರ್ಚು. ಅದರಿಂದ ಮೆಟ್ರಿಯ ಮಾತು ಕಂಪ್ಲಿಗೆ ಮುಟ್ಟುವುದಿರಲಿ, ಪಕ್ಕದ ಮನೆಗೂ ಮುಟ್ಟದು.

ಎಡವಟ್ಟಾದದ್ದು ಸಿನಿಮಾ ತೋರಿಸಿದ ದಿನ. ಮಧ್ಯಾಹ್ನ ರೈಸ್ ಮಿಲ್ಲಿನ ಗೋದಾಮಿನಲ್ಲಿ ಟಿ.ವಿ. ಇಟ್ಟಿದ್ದೆವು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅಷ್ಟರಲ್ಲಿ ಪರದೆಯ ಮೇಲೆ ಜಂಬಮ್ಮ ಸರ್ಕಾರಿ ರೇಡಿಯೋವನ್ನು ಅಣಕಿಸುತ್ತ ಕೂಗಿದಳು: "ಎಲ್ಲಾರೂ ಕೇಳ್ರಿ! ಕೊನಿ ತೂಬಿಗೆ ನೀರು ಬಿಟ್ಟಾರ. ಜಲ್ದಿ ಬರ್ರಿ!"

ನಗು ನಿಂತಿತು. ಕಾಲುವೆಯ ಕೊನೆಯಲ್ಲಿ ಬದುಕುವವರಿಗೆ ಒಂದು ರೂಢಿಯಿದೆ. ನೀರು ಬಿಟ್ಟರು ಎಂದು ಕೂಗು ಬಿದ್ದರೆ, ಕೂಗಿದವರು ಯಾರೆಂದು ಕೇಳುವುದಿಲ್ಲ. ಉಣ್ಣುತ್ತಿದ್ದವರು ಕೈ ಕೂಡ ತೊಳೆಯುವುದಿಲ್ಲ. "ಸಲಿಕಿ ಎಲ್ಲೈತಿ ಲೇ?" ಎನ್ನುತ್ತ ನಮ್ಮೂರಿನ ರೈತ ಹುಲುಗಪ್ಪ ಎದ್ದ. ಅವನ ಹಿಂದೆ ಇಡೀ ಗೋದಾಮು ಬರಿದಾಯಿತು. "ನಿಂದರ್ರಿ, ಅದು ಚಂದ್ರಲೋಕದ ತೂಬು!" ಎಂದು ಬಡಕೊಂಡೆ. ಯಾರು ಕೇಳಬೇಕು? ಸಂಜೆಯವರೆಗೆ ಒಣ ತೂಬಿನ ಮುಂದೆ ಸಲಿಕೆ ಹಿಡಿದು ನಿಂತಿದ್ದರು. ಅದೇ ದಾರಿಯಲ್ಲಿ ಪ್ರಚಾರಕ್ಕೆ ಬಂದ ಅಭ್ಯರ್ಥಿಯನ್ನು ತಡೆದು, "ನೀರು ಎಲ್ಲೈತ್ರಿ?" ಎಂದು ಕೇಳಿದರು. ಮರುದಿನ ತಮ್ಮ ಜೀಪು ಬಂತು. ಕಳ್ಳ ಪ್ರಸಾರದಿಂದ ವದಂತಿ ಹಬ್ಬಿಸಿದ್ದೀರಿ ಎಂದಿರಿ. ಪ್ರತಿ ಚುನಾವಣೆಯಲ್ಲೂ ನೀರು ಬಂದೇ ಬಿಟ್ಟಿತು ಎನ್ನುವವರ ಮೈಕನ್ನು ಎಂದಾದರೂ ಜಪ್ತಿ ಮಾಡಿದ್ದೀರಾ?

ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆ ಬೇಸಿಗೆಯಲ್ಲಿ ಜಂಬಮ್ಮನ ಗಂಟಲಲ್ಲಿ ಗಂಟು ಕಾಣಿಸಿತು. ವೈದ್ಯರು ಜೀವ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದರು. ಊರಿಗೆಲ್ಲ ಸೋಬಾನೆ ಹಾಡುತ್ತಿದ್ದವಳು ಈಗ ತಾಟು ಬಡಿದು ಮಗಳನ್ನು ಕರೆಯುತ್ತಾಳೆ. ಮೊನ್ನೆ ಆ ಮಗಳ ಕೂಸು ತೊಟ್ಟಿಲಲ್ಲಿ ಅಳುತ್ತಿತ್ತು. ಜಂಬಮ್ಮ ಬಾಗಿ ತುಟಿ ಅಲ್ಲಾಡಿಸಿದಳು. ಉಸಿರಷ್ಟೇ ಬಂತು. ನನ್ನ ಕಡೆ ತಿರುಗಿ ಬೆರಳಿನಿಂದ ಗಾಳಿಯಲ್ಲಿ ಒಂದು ಚೌಕ ಬರೆದಳು.

"ಕ್ಯಾಸೆಟ್ಟ ಕೇಳಾಕತ್ಯಾಳ ಮಾಮ," ಎಂದಳು ಮಗಳು. "ಕೂಸು ಒಮ್ಮೆರ ನಮ್ಮವ್ವನ ದನಿ ಕೇಳಲಿ."

ನಾನು ಹಿತ್ತಲಿಗೆ ಹೋಗಿ ಅತ್ತೆ. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಮಂತ್ರಿಯನ್ನು ಅಳಿಸಿಹಾಕಿ. ನನ್ನ ಕಥೆಯನ್ನೂ ಚಂದ್ರನನ್ನೂ ಬೇಕಾದರೆ ತಾವೇ ಇಟ್ಟುಕೊಳ್ಳಿ. ಅವಳು ಮಾತಾಡುವಷ್ಟು ಭಾಗ ನಮಗೆ ಕೊಡಿ. ಸಾಕ್ಷ್ಯವನ್ನು ಹೊರಗೆ ಕೊಡಲಾಗದು ಎನ್ನುವುದಾದರೆ, ಕೂಸನ್ನು ಎತ್ತಿಕೊಂಡು ಅವಳೇ ತಮ್ಮ ಕಚೇರಿಗೆ ಬರುತ್ತಾಳೆ. ಒಂದು ಸಲ ಹಾಕಿ ಕೇಳಿಸಿ. ಹೆದರಬೇಡಿ, ಅವಳು ಅಲ್ಲಿ ಒಂದು ಮಾತೂ ಆಡುವುದಿಲ್ಲ.

ಇಂತಿ,
ಕದ್ದು ಹೇಳುವ ಯಂತ್ರವಿಲ್ಲದೆ ಬಹಿರಂಗವಾಗಿ ಬರೆದ
ಕೊಟ್ರಯ್ಯ, ಮೆಟ್ರಿ