ಬಿ ಸೆಕ್ಷನ್ನಿನ ಬಂಡಲ್ಲು

4 ಫೆಬ್ರವರಿ 2008, ಬೆಳಿಗ್ಗೆ 6

ಸ್ಟಡಿ ಅವರ್. ಹಾಸ್ಟೆಲ್ ಹುಡುಗರು ಪುಸ್ತಕದ ಮೇಲೆ ತೂಕಡಿಸುತ್ತಿದ್ದಾರೆ. ಅವರನ್ನು ಕಾಯುತ್ತ ನಾನೂ. ಸಂಡೂರಿನ ಕಡೆಯಿಂದ ಅದಿರು ಲಾರಿಗಳು ಶುರುವಾದವು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಧೂಳು... ಮುಚ್ಚಿಸಿದೆ.

ಹತ್ತನೇ ಕ್ಲಾಸಿನ ಲೆಕ್ಕ ಇಷ್ಟು ವರ್ಷ ನನ್ನೊಬ್ಬನದೇ. ಈ ಸಲ ಎರಡು ಭಾಗ ಮಾಡಿ ಬಿ ಸೆಕ್ಷನ್ ಉಚ್ಚೆಂಗೆಪ್ಪನಿಗೆ ಕೊಟ್ಟರು. ಇನ್ನೂ ಮೂವತ್ತು ತುಂಬದವನು. ಹುಡುಗರ ಜೊತೆ ವಾಲಿಬಾಲ್ ಆಡುತ್ತಾನೆ. ಹಾಗೆ ಆಡಿದರೆ ಲೆಕ್ಕ ಬರುತ್ತದೆಯೇ?

5 ಫೆಬ್ರವರಿ

ಸ್ಟಾಫ್ ಮೀಟಿಂಗ್. ಹೆಡ್ ಮಾಸ್ಟರ್ ಕೊಟ್ರಯ್ಯನವರು ಶಾಲೆ ನಡೆಸುವ ಟ್ರಸ್ಟಿನವರ ಮಾತು ಒಪ್ಪಿಸಿದರು. "ಪ್ರಿಪರೇಟರಿಯೊಳಗ ಯಾರ ಸೆಕ್ಷನ್ ಮ್ಯಾಲೆ ಬರತೈತೋ, ಮುಂದಿನ ವರ್ಷ ಹತ್ತನೇದು ಪೂರಾ ಅವರಿಗೆ. ಇನ್ನೊಬ್ಬರು ಐದನೇದು ತಗೊಳ್ರಿ."

ಈ ವಯಸ್ಸಿನಲ್ಲಿ ಐದನೇ ಕ್ಲಾಸು, ಮಗ್ಗಿ!

ಹೊಸಪೇಟೆಗೆ, ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿದೆ. ರೇಣುಕಾದೇವಿ ನಕ್ಕಳು. "ಹೋದ್ರ ಹೋಗ್ಲಿ ಬಿಡ್ರಿ. ನಿದ್ದಿನಾದ್ರೂ ಬರತೈತಿ." ಇವಳಿಗೇನು ಗೊತ್ತು.

14 ಫೆಬ್ರವರಿ

ನಮ್ಮಲ್ಲಿ ಪದ್ಧತಿ — ಪ್ರಿಪರೇಟರಿ ಪೇಪರ್ ಅದಲುಬದಲು. ನನ್ನ ಹುಡುಗರದು ಅವನು ತಿದ್ದಬೇಕು, ಅವನ ಹುಡುಗರದು ನಾನು. ಅವನು ಮಾರ್ಕ್ಸ್ ಕಡಿಯದೆ ಬಿಡುತ್ತಾನೆಯೇ? ನಾನೂ ಕಡಿದೆ. ಪ್ರಮೇಯದಲ್ಲಿ 'ದತ್ತ, ಸಾಧನೀಯ' ಅಂತ ಮೊದಲು ಬರೆಯದೆ ನೇರ ಸಾಧನೆಗೆ ಇಳಿದವರಿಗೆ ಸೊನ್ನೆ. ಸ್ಟೆಪ್ ಸರಿಯಿದ್ದು ಉತ್ತರ ತಪ್ಪಿದವರಿಗೂ ಸೊನ್ನೆ. ಕಣ್ಣು ಉರಿ. ಸೊಂಟ ನೋವು.

15 ಫೆಬ್ರವರಿ

ಗೆದ್ದೆ. ನನ್ನ ಸೆಕ್ಷನ್ನಿನಲ್ಲಿ ಒಬ್ಬನೂ ಫೇಲಿಲ್ಲ. ಬಿಯಲ್ಲಿ ನಾಲ್ವರು. ಖುಷಿ ಯಾಕೋ ಬರಲಿಲ್ಲ, ಆಯಾಸವೇ ಹೆಚ್ಚು.

ಸಂಜೆ ಇನ್ನೊಂದು ಸುದ್ದಿ. ಆ ನಾಲ್ವರನ್ನು ಪಬ್ಲಿಕ್ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಹಾಜರಿ ಕಡಿಮೆ ಅಂತ ತೋರಿಸಿ ಮನೆಗೆ. ನೂರಕ್ಕೆ ನೂರು ರಿಸಲ್ಟ್ ಬರಬೇಕಲ್ಲ. ಟ್ರಂಕು ಹೊತ್ತು ಬಸ್ ಸ್ಟಾಪಿನ ಕಡೆ ಹೋದರು. ರೇವಣಸಿದ್ದ ಅನ್ನುವವನು ನನ್ನ ಕಾಲಿಗೆ ಬಿದ್ದು ಹೋದ. ಅವನಿಗೆ ಹಾಕಿದ್ದು ಮೂವತ್ತೊಂದು.

16 ಫೆಬ್ರವರಿ

ಉಚ್ಚೆಂಗೆಪ್ಪ ರೂಮಿಗೆ ಬಂದ. ಜಗಳಕ್ಕೆ ತಯಾರಾಗಿ ಕೂತಿದ್ದೆ. ಜಗಳವಾಡಲಿಲ್ಲ.

"ಹತ್ತನೇದು ನೀವ ತಗೊಳ್ರಿ ಸರ್. ನನಗ ಬ್ಯಾಡ. ಆ ನಾಕು ಪೇಪರ್ ಮಾತ್ರ ಇನ್ನೊಮ್ಮಿ ನೋಡ್ರಿ."

"ನೀನು ನನ್ನ ಹುಡುಗರದು ಹ್ಯಾಂಗ ನೋಡಿದಿ?"

"ಬೋರ್ಡಿನವರು ನೋಡಿದಂಗ. ಸ್ಟೆಪ್ಪಿಗೆ ಮಾರ್ಕ್ಸ್ ಕೊಟ್ಟೀನ್ರಿ. ಮತ್ತ ಹ್ಯಾಂಗ ನೋಡ್ತಾರ?"

ಅವನು ಹೋದ ಮೇಲೂ ಬಹಳ ಹೊತ್ತು ಬಂಡಲ್ ಮುಟ್ಟಲಿಲ್ಲ. ಐದನೇ ಕ್ಲಾಸು ಕಣ್ಣ ಮುಂದೆ ಬರುತ್ತಿತ್ತು.

18 ಫೆಬ್ರವರಿ

ಇಡೀ ಬಂಡಲ್ ಮತ್ತೆ ತಿದ್ದಿದೆ. ನಾಲ್ವರೂ ಪಾಸು. ಕೊಟ್ರಯ್ಯನವರ ಟೇಬಲ್ ಮೇಲಿಟ್ಟೆ.

"ಪಕೀರಪ್ಪ ಮಾಸ್ತರ್, ತಲಿ ನೆಟ್ಟಗೈತೇನ್ರಿ? ಹಿಂಗಾದ್ರ ಬಿ ಸೆಕ್ಷನ್ ಮ್ಯಾಲೆ ಹೋಗತೈತಿ."

"ಗೊತ್ತೈತ್ರಿ."

"ಟ್ರಸ್ಟಿನವರಿಗೆ ಏನ್ ಹೇಳ್ಲಿ?"

"ಮಾಸ್ತರ್ ಮೋಸ ಮಾಡಿದ್ದ ಅಂತ ಹೇಳ್ರಿ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಹುಡುಗರನ್ನು ಕರೆತರಲು ಒಪ್ಪಿದರು. ಹತ್ತನೇದು ಉಚ್ಚೆಂಗೆಪ್ಪನಿಗೆ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ.

21 ಫೆಬ್ರವರಿ, ಸಂಜೆ

ಉಚ್ಚೆಂಗೆಪ್ಪ ಊರೂರು ತಿರುಗಿ ಹುಡುಗರನ್ನು ಕರೆತಂದ. ಮೂವರು. ಅದಿರಿನ ಧೂಳಿಗೆ ಅಂಗಿಯೆಲ್ಲ ಕೆಂಪಾಗಿತ್ತು ಅವನದು.

"ರೇವಣಸಿದ್ದ?"

"ಗಾದಿಗನೂರಾಗ ಸಿಕ್ಕಿದ್ದ ಸರ್. ಲಾರಿ ಕ್ಲೀನರ್ ಆಗ್ಯಾನ. ಬರಂಗಿಲ್ಲ ಅಂದ. 'ನನಗ ಲೆಕ್ಕ ಹತ್ತಂಗಿಲ್ರಿ, ಪಕೀರಪ್ಪ ಮಾಸ್ತರ್ ಪೇಪರ್ ನೋಡ್ಯಾರಲ್ಲ, ಅವರು ತಪ್ಪು ಹಾಕಂಗಿಲ್ಲ' ಅಂದ."

ನಾಳೆ ಮೊದಲ ಬಸ್ಸಿಗೆ ನಾನೇ ಹೋಗಬೇಕು. ಹೋಗಿ ಏನಂತ ಹೇಳಲಿ? ರೇವಣಸಿದ್ದ, ನಿನಗೆ ಬಂದಿದ್ದು ನಲವತ್ತೆರಡು ಕಣೋ, ನಾನು —